ಅಲುಗಾಡದೆ ನಿಂತವನ ಫೋಟೋ

ಮೊನ್ನೆ ನಮ್ಮ ಓಣಿಯಲ್ಲಿ ಗಾದಿ ಹೊಲಿಯುವವರು ಕೂತು ಅರಳೆ ಹಿಂಜುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿರೇಕೆರೂರಿನ ಅರಳೆ ಗೋದಾಮು ನೆನಪಾಯಿತು. ಅದರ ಹಿಂದೆಯೇ ಬಾಜೂಮನೆಯ ದೊಡ್ಡವ್ವ...

ಯುದ್ಧ ನಡೆದಿದ್ದ ಕಾಲ. ನಾನಲ್ಲಿ ಶಾಲಾ ಮಾಸ್ತರ, ಮದುವೆಯಾಗಿರಲಿಲ್ಲ. ದೊಡ್ಡವ್ವ ದಿನಾಲೂ ಹಿತ್ತಿಲ ಗೋಡೆಯಾಚೆಯಿಂದ ಒಂದು ಬಟ್ಟಲು ಪಲ್ಯ ದಾಟಿಸುತ್ತಿದ್ದಳು. ಗಂಡ ತೀರಿಕೊಂಡಿದ್ದ. ಇದ್ದೊಬ್ಬ ಮಗ ಜಗಳಾಡಿ ನಾಟಕ ಕಂಪನಿಯ ಬೆನ್ನು ಹತ್ತಿ ಹೋಗಿ ಆರು ವರ್ಷವಾಗಿತ್ತು. ಕಾಗದವಿಲ್ಲ, ಸುದ್ದಿಯಿಲ್ಲ.

ಆ ಬೇಸಿಗೆ ಖಾಲಿ ಗೋದಾಮಿಗೆ ಸಿನಿಮಾ ಬಂತು. ಕಿಟಕಿಗೆಲ್ಲ ಗೋಣಿತಟ್ಟು ಕಟ್ಟಿ, ಹೆಣ್ಣುಮಕ್ಕಳಿಗೆಂದು ಮಧ್ಯಾಹ್ನವೂ ಒಂದು ಆಟ ಹಾಕುತ್ತಿದ್ದರು. ಮೊದಲ ದಿನವೇ ನೋಡಿದ ದೊಡ್ಡವ್ವ ಸೀದಾ ನನ್ನ ಬಾಗಿಲಿಗೆ ಬಂದಳು.

"ಮಾಸ್ತರ, ನನ್ನ ಮಗ ಅದಾನ್ರಿ ಅದರಾಗ! ರಾಜನ ಹಿಂದ ಭರ್ಚಿ ಹಿಡಕೊಂಡು ನಿಂತಾನ. ನಿಮ್ಮ ಡಬ್ಬಿಯೊಳಗ ಹಿಡದು ಕೊಡ್ರಿ."

ನನ್ನದು ಬಿಸಿಲಲ್ಲಿ ಮಾತ್ರ ಕಣ್ಣು ಕಾಣುವ ಡಬ್ಬಿ ಕ್ಯಾಮೆರಾ. ಯುದ್ಧದಿಂದಾಗಿ ಹೊಸ ರೀಲು ಸಿಗುತ್ತಿರಲಿಲ್ಲ, ಉಳಿದಿದ್ದು ಎರಡೇ. ಆದರೂ ಮರುದಿನ ಹೋಗಿ, ಎದೆಗೊತ್ತಿ ಹಿಡಿದು ಮೂರು ಸಲ ಗುಂಡಿ ಒತ್ತಿದೆ. ಅಡುಗೆಮನೆಯ ಬಾಗಿಲು ಮುಚ್ಚಿ ನಾನೇ ರೀಲು ತೊಳೆದು ನೋಡಿದರೆ ಬರೀ ಖಾಲಿ.

"ಕತ್ತಲಿ ಭಾಳ ಐತಿ ದೊಡ್ಡವ್ವ. ಡಬ್ಬಿ ಭಾಳ ಹೊತ್ತು ಕಣ್ಣು ತೆರಕೊಂಡ ಇರಬೇಕು. ಹಂಗ ಮಾಡಿದ್ರ, ಅಲುಗಾಡಿದವರು ಕಲಸಿಹೋಗ್ತಾರ."

"ಅಂವ ಅಲುಗಾಡಂಗಿಲ್ರಿ. ರಾಜ ಹಾಡು ಮುಗಸೂತನಕ ಕಂಬದಂಗ ನಿಂತಿರ್ತಾನ. ಮನ್ಯಾಗ ಒಂದ ಗಳಿಗಿ ಸುಮ್ಮನ ನಿಂತಾಂವಲ್ಲ..." ಎಂದು ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡಳು.

ಸಿನಿಮಾದವರು ಗಂಟುಮೂಟೆ ಕಟ್ಟುವ ಮುಂಚಿನ ಕೊನೆಯ ಆಟ. ಗೋದಾಮಿನ ಮೂಲೆಯಲ್ಲಿ ಉಳಿದಿದ್ದ ಒಂದು ಅರಳೆ ಮೂಟೆಯ ಮೇಲೆ ಹಲಗೆಯಿಟ್ಟು, ಅದರ ಮೇಲೆ ಡಬ್ಬಿ ಕೂರಿಸಿದೆ. ಯಾರೂ ತಾಗದಂತೆ ದೊಡ್ಡವ್ವ ಎರಡೂ ಕೈ ಚಾಚಿ ನಿಂತಳು. ರಾಜ ರಾಗ ಎಳೆಯತೊಡಗಿದ. ಡಬ್ಬಿಯ ಕಣ್ಣು ತೆರೆದಿಡುವ ತಗಡಿನ ಪಟ್ಟಿ ಎಳೆದು, ಗುಂಡಿ ಒತ್ತಿ, ಉಸಿರು ಹಿಡಿದು ಹತ್ತರವರೆಗೆ ಎಣಿಸಿದೆ.

ಈ ಸಲ ಬಂತು! ಕೈ ಬೀಸಿ ಹಾಡುತ್ತಿದ್ದ ರಾಜ ಬರೀ ಹೊಗೆ. ಅವನ ಹಿಂದೆ ಭರ್ಚಿ ಹಿಡಿದವನು ಮಾತ್ರ ಸ್ಪಷ್ಟ.

ದೊಡ್ಡವ್ವ ಬಹಳ ಹೊತ್ತು ನೋಡಿದಳು. "ಮೀಸಿ ಹಚ್ಯಾರ ನೋಡ್ರಿ, ಮುಂಡೇದಕ್ಕ!" ಎಂದು ಅಳುತ್ತಲೇ ನಕ್ಕಳು.

ಓಣಿಯವರು ಬಂದು "ರಾಜ ಎಲ್ಲೆದಾನ?" ಎಂದು ಕೇಳಿದರೆ, "ಅಂವ ಯಾರಿಗೆ ಬೇಕಾಗ್ಯಾನ?" ಎನ್ನುತ್ತಿದ್ದಳು.

ಇನ್ನೊಂದು ಪ್ರತಿ ತೆಗೆದು, 'ಜಗಳ ಮುಗೀತು, ಬಾ' ಎಂದು ಅವಳು ಹೇಳಿದಂತೆ ಬರೆದು ಆ ಸಿನಿಮಾ ತೆಗೆದ ಕಂಪನಿಯ ವಿಳಾಸಕ್ಕೆ ಅಂಚೆಗೆ ಹಾಕಿದೆ. ದೀಪಾವಳಿಗೆ ಮಗ ಬಂದ. ಮುಂದಿನ ವರ್ಷ ರಾಜನ ಪಾರ್ಟು ಸಿಗಬಹುದೆಂದು ಅವನು ಹೇಳಿದಾಗ ದೊಡ್ಡವ್ವ ಗಾಬರಿಯಾದಳು.

"ಬ್ಯಾಡಪ್ಪಾ, ಹೊಗಿ ಆಗಿಬಿಡ್ತಿ!"

ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು.

ನನಗೆ ಶಿಗ್ಗಾಂವಿಗೆ ವರ್ಗವಾಯಿತು. ಆಕೆ ತೀರಿಕೊಂಡ ಸುದ್ದಿ ತಿಂಗಳು ಕಳೆದ ಮೇಲೆ ತಲುಪಿತು, ಮಣ್ಣಿಗೂ ಹೋಗಲಾಗಲಿಲ್ಲ. ಅಷ್ಟು ವರ್ಷ ಮಗ್ಗುಲಲ್ಲೇ ಇದ್ದು ಆಕೆಯದೊಂದು ಫೋಟೋ ತೆಗೆಯುವುದು ನನಗೆ ಹೊಳೆಯಲೇ ಇಲ್ಲ. ಈಗೀಗ ಮುಖ ನೆನೆಯಲು ಹೋದರೆ ನಗು ಬರುತ್ತದೆ, ದನಿ ಬರುತ್ತದೆ, ಕಣ್ಣು ಹೇಗಿದ್ದವೋ...