ಚೀಟಿಯಲ್ಲಿ ಕೊಟ್ರಪ್ಪ, ಆಪರೇಷನ್ ಕೊಟ್ರಮ್ಮನಿಗೆ

ಮೂರು ವರ್ಷದ ಹಿಂದಿನ ಮಾತು. ನಮ್ಮ ಎರಡನೆಯ ಮಗಳು ಹುಟ್ಟಿ ಐದು ತಿಂಗಳಾಗಿತ್ತು. ನಾನು ಕೊಟ್ಟೂರಿನಲ್ಲಿ ಟೈಲರ್. ಹೆಸರು ಕೊಟ್ರಪ್ಪ, ಹೆಂಡತಿ ಕೊಟ್ರಮ್ಮ. ನಗಬೇಡಿ, ಊರ ದೇವರ ಹೆಸರದು; ನಮ್ಮೂರ ಸಂತೆಯಲ್ಲಿ ‘ಕೊಟ್ರಾ’ ಎಂದು ಕೂಗಿದರೆ ಅರ್ಧ ಜನ ತಿರುಗಿ ನೋಡುತ್ತಾರೆ.

ಎರಡು ಹೆರಿಗೆಯಲ್ಲಿ ಅವಳು ಸೊರಗಿಹೋಗಿದ್ದಳು. ಕೊಡ ಎತ್ತಿದರೆ ಕಣ್ಣು ಕತ್ತಲೆ. ಮತ್ತೆ ಬಸುರಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಅವಳಿಗೆ ಮಕ್ಕಳಾಗದ ಆಪರೇಷನ್ ಮಾಡಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಅವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಮ್ಮ ಓಣಿಯ ಆಶಾ ಕಾರ್ಯಕರ್ತೆ ರೇಣುಕಕ್ಕ ಅವಳ ರಕ್ತ ಪರೀಕ್ಷೆಗೆ ಕೊಡಿಸಿ, ಅಂದೇ ಕೂಡ್ಲಿಗಿ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಮರುದಿನ ನೋಡುತ್ತೇನೆ, ಆಪರೇಷನ್ನಿಗೆ ಹೆಸರು ‘ಕೊಟ್ರಪ್ಪ’ ಎಂದಿದೆ. ತಲೆ ಕೆಟ್ಟಿತು. ಕೊರಳಲ್ಲಿ ಟೇಪು ಹಾಕಿಕೊಂಡೇ ಅವರ ಮನೆಗೆ ಹೋದೆ.

“ಏನ್ರಿ ಅಕ್ಕಾರ, ಅಪ್ಪಗೂ ಅಮ್ಮಗೂ ಫರಕ್ ಗೊತ್ತಾಗಲ್ಲೇನ್ರಿ? ತಿದ್ದಿ ಕೊಡ್ರಿ.”

ಅವರು ಪೆನ್ನು ತೆಗೆದರು. ಪಕ್ಕದಲ್ಲಿ ಆಗಷ್ಟೇ ಬಂದ ರಕ್ತದ ರಿಪೋರ್ಟ್ ಇತ್ತು. ಅದನ್ನು ನೋಡಿ ಪೆನ್ನು ಕೆಳಗಿಟ್ಟರು.

“ಇರಲಿ ಬಿಡ್ರಿ ಕೊಟ್ರಪ್ಪಣ್ಣ, ಕುಂದರ್ರಿ. ನಿಮ್ಮ ಮನಿಯಾಕಿಗೆ ರಕ್ತ ಆರೇ ಪಾಯಿಂಟ್ ಐತಿ, ಹನ್ನೆರಡರ ಮ್ಯಾಲ ಇರಬೇಕು. ಈಗ ಆಕಿಗೆ ಆಪರೇಷನ್ ಮಾಡಾಕ ಡಾಕ್ಟರು ಒಪ್ಪಲ್ಲ. ನೀವ ಮಾಡಿಸ್ಕೋಬಹುದಲ್ರಿ?”

“ನಾನಾ? ದುಡಿಯೋ ಗಂಡಸು ಅದೀನ್ರಿ. ಮಿಷನ್ ತುಳಿಯಾಕ ಶಕ್ತಿ ಬ್ಯಾಡೇನು?”

“ಶಕ್ತಿ ಎಲ್ಲೂ ಹೋಗಲ್ಲ. ಒಂದು ಸಣ್ಣ ತೂತು, ಅಷ್ಟ. ಹೊಲಿಗಿ ಸೈತ ಹಾಕಲ್ಲ. ಟೈಲರ್ ಆಗಿ ನೀವ ಅಂಜಿದ್ರ ಹೆಂಗ್ರಿ?” ಎಂದು ನಕ್ಕರು. ಆಮೇಲೆ ಮೆಲ್ಲಗೆ, “ಜುಲುಮಿ ಇಲ್ಲ. ಬ್ಯಾಡಂದ್ರ ಬ್ಯಾರೆ ದಾರಿ ಅದಾವು, ಹೇಳ್ತೀನಿ. ಮನಿಗೆ ಹೋಗಿ ಆಕಿ ಮಾರಿ ಒಮ್ಮೆ ನೋಡ್ರಿ,” ಎಂದರು.

ಹೋಗಿ ನೋಡಿದೆ. ಎರಡು ರೊಟ್ಟಿ ಬಡಿದು ಗೋಡೆಗೆ ಒರಗುತ್ತಿದ್ದಳು. ತುಟಿ ಬಿಳಿಚಿಕೊಂಡಿತ್ತು. ಇಷ್ಟು ದಿನ ಇದು ಕಾಣಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು.

ನಾನು ಒಪ್ಪಿದ ಮೇಲೆ ರೇಣುಕಕ್ಕ ಇನ್ನೆರಡು ಚೀಟಿ ಬರೆದರು. ಒಂದು, ಅವಳಿಗೆ ರಕ್ತ ಹೆಚ್ಚಾಗುವ ಬಾಟ್ಲಿ ಏರಿಸಲು ಹಗರಿಬೊಮ್ಮನಹಳ್ಳಿಗೆ. ಇನ್ನೊಂದು, ಅಂಗನವಾಡಿಯ ಬಾಣಂತಿ ಊಟಕ್ಕೆ. ಬರೆದು ಕೈ ತೊಳೆದುಕೊಳ್ಳುವ ಹೆಂಗಸಲ್ಲ ಅವರು. ಮೊದಲೇ ಫೋನ್ ಮಾಡಿ ಹೇಳಿಡುವುದು, ನಾವು ಮುಟ್ಟಿದೆವೋ ಇಲ್ಲವೋ ಎಂದು ಮತ್ತೆ ಕೇಳುವುದು. ಮಗನಿಗ್ಯಾಕೆ ಆಪರೇಷನ್ ಎಂದು ನಮ್ಮವ್ವ ಸಿಟ್ಟಿನಿಂದ ಮಾತು ಬಿಟ್ಟಾಗ ಅವಳನ್ನು ಸಮಾಧಾನ ಮಾಡಿದವರೂ ಅವರೇ.

ಕೂಡ್ಲಿಗಿಯಲ್ಲಿ ನಾನು ಅಂಜಿದ್ದೇ ಬಂತು, ಕಾಲು ಗಂಟೆಯಲ್ಲಿ ಎಲ್ಲ ಮುಗಿದಿತ್ತು. ಆಪರೇಷನ್ ಸರಿಯಾಗಿದೆಯೇ ಎಂದು ನೋಡುವ ಮೂರು ತಿಂಗಳ ಮೇಲಿನ ಪರೀಕ್ಷೆಗೂ ಅವರೇ ನೆನಪು ಮಾಡಿ ಕಳಿಸಿದರು.

ಮುಂದೆ ಒಮ್ಮೆ ಅವರು ಹೊಸ ಸೀರೆಗೆ ಜಂಪರ್ ಹೊಲಿಸಲು ಬಂದಾಗ ಕೇಳಿಯೇಬಿಟ್ಟೆ. “ಅಕ್ಕಾರ, ಅವತ್ತು ಬೇಕಂತಲೇ ನನ್ನ ಹೆಸರು ಬರದಿದ್ರಿ, ಹೌದಿಲ್ಲೋ?”

“ಇಲ್ರಿ ಅಣ್ಣಾ, ಗಡಿಬಿಡಿಯಾಗ ತಪ್ಪಾಗಿತ್ತು. ರಿಪೋರ್ಟ್ ನೋಡಿದ ಮ್ಯಾಲ ತಿದ್ದಾಕ ಮನಸ್ಸು ಬರಲಿಲ್ಲ.”

ಕೊಟ್ರಮ್ಮನ ತುಟಿಗೆ ಈಗ ಕೆಂಪು ಬಂದಿದೆ. ತಪ್ಪಾಗಿ ಕತ್ತರಿಸಿ ಎಷ್ಟೋ ಬಟ್ಟೆ ಕೆಡಿಸಿದವನು ನಾನು. ಒಂದು ತಪ್ಪನ್ನು ತಿದ್ದದೆ ಬಿಟ್ಟು ನನ್ನ ಮನೆ ಉಳಿಸಿದವರು ಅವರು. ಆ ಜಂಪರನ್ನು ಮಾತ್ರ ಎರಡೆರಡು ಸಲ ಅಳೆದು ಕತ್ತರಿಸಿದೆ.