ಆಕಳಿಸುವ ಡಾಕ್ಟರು

ನಮ್ಮ ಕುಷ್ಟಗಿ ದವಾಖಾನೆಯ ಡಾಕ್ಟರ್ ಖಮರುದ್ದೀನರಷ್ಟು ಆಕಳಿಸುವ ಮನುಷ್ಯ ಇಡೀ ನಿಜಾಮರ ರಾಜ್ಯದಲ್ಲಿ ಸಿಗಲಿಕ್ಕಿಲ್ಲ! ಲಕ್ವಾ ಹೊಡೆದವರು ಯಾರೇ ಬರಲಿ, ಎದುರಿಗೆ ಕುರ್ಚಿ ಎಳೆದುಕೊಂಡು ಬಾಯಿ ತೆರೆದೇ ಬಿಡುತ್ತಾರೆ. ನೋಡಿದ ಕಂಪೌಂಡರ್ ಆಕಳಿಸುತ್ತಾನೆ, ಸಾಲಿನಲ್ಲಿ ನಿಂತವರು ಆಕಳಿಸುತ್ತಾರೆ, ಕಟ್ಟೆಯ ಮೇಲಿನ ನಾಯಿಯೂ ಆಕಳಿಸುತ್ತದೆ. "ರಾತ್ರಿ ನಿದ್ದಿ ಆಗಿಲ್ಲೇನ್ರಿ ಸಾಹೇಬ್ರ?" ಎಂದು ಜನ ಕೆಣಕಿದರೆ, "ಇದ ನನ್ನ ಪರೀಕ್ಷಾ, ಸುಮ್ನ ನೋಡ್ರಿ" ಎನ್ನುತ್ತಾರೆ. ಮೊನ್ನೆ ಬೇವೂರಿನ ಈಶಪ್ಪ ಹೆಂಡತಿ ಕಳಕಮ್ಮನನ್ನು ಬಂಡಿಯಲ್ಲಿ ಕರೆತಂದ. ಲಕ್ವಾ ಹೊಡೆದಾಗಿನಿಂದ ಆಕೆಯ ಎಡಗೈಯ ಒಂದು ಬೆರಳೂ ಆಡಿರಲಿಲ್ಲ. "ಈ ಕೈ ಸತ್ತೈತ್ರಿ, ಮಣ್ಣು ಮಾಡೂದೊಂದ ಬಾಕಿ" ಎಂದಳು. ಡಾಕ್ಟರು ಕುರ್ಚಿ ಎಳೆದುಕೊಂಡು ಆಕಳಿಸಿದರು. ಆಕೆ ತುಟಿ ಕಚ್ಚಿ ತಡೆದಳು, ಕಡೆಗೆ ತಡೆಯಲಾರದೆ ತಾನೂ ಬಾಯಿ ತೆರೆದಳು. ಅಬ್ಬಾ, ಆ ಸತ್ತ ಕೈ ಮಡಿಲಿನಿಂದ ತಾನಾಗಿಯೇ ಎದ್ದು ಎದೆಯವರೆಗೆ ಬಂತು! "ಮೆದುಳಿನಿಂದ ಕೈಗೆ ಬರೂ ದೊಡ್ಡ ದಾರಿ ಬಂದ್ ಆಗೈತಿ, ಆಕಳಿಕಿಗೆ ಯಾವುದೋ ಹಳೇ ದಾರಿ ಇನ್ನೂ ತೆರದೈತಿ. ಗುಣ ಆಗ್ತೈತೋ ಇಲ್ಲೋ ನನಗ ಗೊತ್ತಿಲ್ಲ. ಆದ್ರ ಕೈ ಸತ್ತಿಲ್ಲ ತಾಯಿ" ಎಂದರು ಡಾಕ್ಟರು. ಅಷ್ಟರಲ್ಲಿ ಕಳಕಮ್ಮನಿಗೆ ಮತ್ತೊಂದು ಆಕಳಿಕೆ ಬಂತು, ಕೈ ಮತ್ತೆ ಎದ್ದಿತು. ಈಶಪ್ಪ, ಆಯುಷ್ಯ ಗಟ್ಟಿ ಇರಲಿ ಎಂದು ಆಕಳಿಸುವ ಕೂಸುಗಳಿಗೆ ಚಿಟಿಕೆ ಹೊಡೆಯುವಂತೆ, ಹೆಂಡತಿಯ ಬಾಯಿ ಮುಂದೆ ಟಕಟಕ ಚಿಟಿಕೆ ಹೊಡೆದ.