ಒಳಕೋಣೆಗೆ ಸಿಗ್ನಲ್ ಬರುವ ಹೊತ್ತು

ನಿನ್ನೆ ಮಧ್ಯಾಹ್ನ ಇಂಟರ್ನೆಟ್ಟಿನವನು ಬಂದು ನಮ್ಮ ಔರಂಗಾಬಾದಿನ ಫ್ಲ್ಯಾಟಿನಲ್ಲಿ ಮೂರು ಬಿಳಿ ಡಬ್ಬಿಗಳನ್ನು ಮೇಜಿನ ಮೇಲಿಟ್ಟ. ಒಂದೊಂದೂ ದೊಡ್ಡ ಶೇಂಗಾ ಉಂಡಿಯಷ್ಟಿತ್ತು. ಒಂದನ್ನು ಹೊರಕೋಣೆಗೆ, ಇನ್ನೊಂದನ್ನು ಅಡುಗೆಮನೆಯ ಬಾಗಿಲ ಬಳಿ ಹಚ್ಚಿ, ಮೊಬೈಲನ್ನು ಆರತಿ ತಟ್ಟೆಯ ಹಾಗೆ ಮುಂದೆ ಹಿಡಿದು ಮನೆಯೆಲ್ಲ ಸುತ್ತಿದ. ಪರದೆಯ ಮೇಲೆ ಮನೆಯ ನಕಾಶೆ ಕೋಣೆಕೋಣೆಯಾಗಿ ಹಸಿರಾಗುತ್ತ ಬಂತು. ಹಿಂದಿನ ಕೋಣೆಯ ಒಂದು ಮೂಲೆ ಮಾತ್ರ ಬೂದಿಯ ಬಣ್ಣದಲ್ಲೇ ಉಳಿಯಿತು. "ಮೂರನೇದನ್ನ ಅಲ್ಲಿ ಹಚ್ಚಿದರೆ ಮುಗೀತು ಸರ್. ಇನ್ನು ನಿಮ್ಮ ಮನೆಯಲ್ಲಿ ಡೆಡ್ ಝೋನ್ ಅನ್ನೋದೇ ಇರೋದಿಲ್ಲ" ಎಂದು ಹಿಂದಿಯಲ್ಲಿ ಹೆಮ್ಮೆಯಿಂದ ಹೇಳಿದ.

"ಅದೊಂದು ಇರಲಿ, ಆಮೇಲೆ ನಾನೇ ಹಚ್ಚಿಕೊಳ್ತೀನಿ" ಎಂದೆ. ನನ್ನ ನರೆತ ತಲೆಯನ್ನು ಒಮ್ಮೆ ನೋಡಿ, ಇವರ ಕೈಲಿ ಆದಂತೆಯೇ ಎನ್ನುವ ಮುಖ ಮಾಡಿ ಹೊರಟುಹೋದ. ಅವನಿಗೆ ಕಾರಣ ಹೇಳುವುದು ಹೇಗೆ? ನಿಮಗಾದರೆ ಹೇಳಬಹುದು. ಆದರೆ ಅದಕ್ಕೆ ನಾಶಿಕದವರೆಗೆ ಬರಬೇಕಾಗುತ್ತದೆ.

ಆಗ ನನಗೆ ಬ್ಯಾಂಕಿನಲ್ಲಿ ಪಿಂಪಳಗಾಂವ್ ಬಸವಂತದ ಶಾಖೆ. ಹಗಲೆಲ್ಲ ಉಳ್ಳಾಗಡ್ಡಿ ವ್ಯಾಪಾರಿಗಳ ನಡುವೆ ಕೂತು, ಅಂಗಿಗೆಲ್ಲ ಅದೇ ವಾಸನೆ ಹಚ್ಚಿಕೊಂಡು ಬಸ್ಸಿನಲ್ಲಿ ನಾಶಿಕಕ್ಕೆ ಮರಳುತ್ತಿದ್ದೆ. ಮನೆ ಹಳೇ ಪೇಟೆಯ ಒಂದು ವಾಡೆಯಲ್ಲಿ. ನಡುವೆ ಅಂಗಳ, ಸುತ್ತ ಎರಡು ಸಂಸಾರ ಹಿಡಿಯುವಷ್ಟು ಮನೆ. ಒಂದು ಅರ್ಧದಲ್ಲಿ ನಾವು ಬಾಡಿಗೆಗೆ, ಇನ್ನೊಂದು ಅರ್ಧದಲ್ಲಿ ಮನೆಯ ಒಡತಿ, ಎಪ್ಪತ್ತು ದಾಟಿದ ವಿಧವೆ. ಎಲ್ಲರೂ ಅವರನ್ನು ಕಾಕು ಎನ್ನುತ್ತಿದ್ದರು, ನಾವೂ ಅಂದೆವು. ಗೋಡೆಗಳ ವಿಷಯ ಹೇಳಲೇಬೇಕು. ಕೆಳಗೆ ಕರೀಕಲ್ಲು, ಮೇಲೆ ಇಟ್ಟಂಗಿ ಸುಣ್ಣ. ದಪ್ಪ ಎಷ್ಟೆಂದರೆ, ಕಿಟಕಿಯ ಕಟ್ಟೆಯ ಮೇಲೆ ನಾನು ಕಾಲು ಚಾಚಿ ಮಲಗಬಹುದಿತ್ತು, ನಾನೇನು ಸಣ್ಣ ಆಳಲ್ಲ. ಮೇ ತಿಂಗಳಲ್ಲೂ ಒಳಗೆ ತಂಪು. ಆದರೆ ಹೊರಗಿನದು ಯಾವುದೂ ಒಳಗೆ ಬರುತ್ತಿರಲಿಲ್ಲ. ಗದ್ದಲ ಬರುತ್ತಿರಲಿಲ್ಲ, ಮೊಬೈಲಿನ ಸಿಗ್ನಲ್ಲೂ ಬರುತ್ತಿರಲಿಲ್ಲ.

ಒಳಕೋಣೆಯಲ್ಲಿ ಅಪ್ಪ ಮಲಗಿದ್ದರು. ಲಕ್ವಾ ಹೊಡೆದು ಮಾತು ಹೋಗಿತ್ತು. ಅದರ ಜೊತೆಗೆ ಬಿದ್ದು ಸೊಂಟದ ಎಲುಬೂ ಮುರಿದಿತ್ತು. ಅಲುಗಾಡಿಸಬೇಡಿ ಎಂದು ಡಾಕ್ಟರರ ಕಟ್ಟಪ್ಪಣೆ. ಇಷ್ಟು ದಿನ ಮಾತಾಡಿದ ಬಾಯಲ್ಲಿ ಉಳಿದದ್ದು ಒಂದೇ ಒಂದು "ಹೂಂ". ನೋವಿಗೂ ಅದೇ, ನೀರಿಗೂ ಅದೇ, ಸಾಕು ಅನ್ನುವುದಕ್ಕೂ ಅದೇ.

ಅಪ್ಪನಿಗೆ ಒಬ್ಬಳೇ ಅಕ್ಕ, ಬನಹಟ್ಟಿಯಲ್ಲಿದ್ದಳು. ನನಗೆ ದೊಡ್ಡತ್ತಿ. ತಾಯಿ ಇಲ್ಲದ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಾನು ಇಂದು ಮಾತಿನ ನಡುವೆ ಬಳಸುವ ಎಷ್ಟೋ ಶಬ್ದ ಅವಳವೇ. ಅವಳೂ ಹಾಸಿಗೆ ಹಿಡಿದಿದ್ದಳು, ಎದೆಯ ತೊಂದರೆ. ಇಬ್ಬರಿಗೂ ಪ್ರಯಾಣದ ಮಾತೇ ಇಲ್ಲ. "ಒಮ್ಮೆ ತಮ್ಮನ ಮಾರಿ ತೋರಸ್ರೋ. ಆ ಫೋನಿನ್ಯಾಗ ಮಂದಿ ಕಾಣತಾರಂತಲ್ಲ" ಎಂದು ಲ್ಯಾಂಡ್‌ಲೈನಿನಲ್ಲಿ ನನ್ನ ಬೆನ್ನು ಹತ್ತಿದ್ದಳು.

ಅದಕ್ಕಾಗಿಯೇ ವೈಫೈ ಹಾಕಿಸಿದ್ದು. ಟೆಲಿಫೋನ್ ತಂತಿ ಬರುವುದು ಹೊರಕೋಣೆಗೆ, ಹಾಗಾಗಿ ಡಬ್ಬಿಯೂ ಅಲ್ಲೇ. ಅಲ್ಲಿ ಸಿಗ್ನಲ್ ಭರಪೂರ. ನಡುಮನೆಗೆ ಬಂದರೆ ಒಂದು ಗೀಟು. ಒಳಕೋಣೆಯ ಹೊಸ್ತಿಲು ದಾಟಿದರೆ ಸೊನ್ನೆ. ನಾನು ಸುಮ್ಮನೆ ಕೂರುವವನೇ? ಡಬ್ಬಿಯನ್ನು ಕಪಾಟಿನ ಮೇಲೇರಿಸಿದೆ. ಹಿಂದೆ ಸ್ಟೀಲಿನ ಪರಾತ ನಿಲ್ಲಿಸಿದೆ, ಸಿಗ್ನಲ್ ತಿರುಗಿ ಒಳಗೆ ಬೀಳಲಿ ಎಂದು. ನಡುಮನೆಗೆ ಇನ್ನೊಂದು ಯಂತ್ರ ತಂದೆ. ಅದು ತನಗೇ ಸಿಗದ ಸಿಗ್ನಲ್ಲನ್ನು ಮುಂದಕ್ಕೆ ದಾಟಿಸಲು ಕೆಂಪು ಕಣ್ಣು ಮಿಟುಕಿಸುತ್ತ ಒದ್ದಾಡಿತು. ಎರಡು ಸಲ ಉದ್ದಕ್ಕೆ ತಂತಿ ಎಳೆಸಿದೆ, ಎರಡು ಸಲವೂ ಇಲಿ ಕಡಿದವು.

"ಪರಾತ ಕೊಡ್ರಿ ಇಲ್ಲೆ, ಹಿಟ್ಟು ನಾದಬೇಕು" ಎಂದಳು ನನ್ನ ಹೆಂಡತಿ ಕಸ್ತೂರಿ. "ನಿಮ್ಮ ಬ್ಯಾಂಕಿನ್ಯಾಗ ಸರ್ವರ್ ಡೌನ್ ಅಂತ ಬೋರ್ಡ್ ಹಾಕ್ತೀರಲ್ಲ, ಅದನ್ನ ಒಂದು ತಂದು ಈ ಬಾಗಿಲಿಗೆ ಜೋತಬಿಡ್ರಿ."

ಒಂದು ಸಂಜೆ ನಾನು ಬಸ್ಸಿಳಿದು ಬಂದಾಗ ಅದೇ ಕಸ್ತೂರಿ ನಗೆಚಾಟಿಕೆ ಬಿಟ್ಟು ಅಂಗಳದಲ್ಲಿ ನಿಂತಿದ್ದಳು. "ನಿಮಗೊಂದು ಹೇಳ್ಬೇಕು. ಇವತ್ತ ಐದೂವರಿಗೆ ಮಾಮಾಗ ಚಾ ಕುಡಸ್ಲಿಕ್ಕೆ ಕೂತಿದ್ದೆ. ಫೋನು ಒಮ್ಮೆಲೆ ಟಣ್ ಟಣ್ ಅನ್ನಾಕ ಹತ್ತಿತು. ಸಿಗ್ನಲ್ ಬಂತು, ಒಳಕೋಣ್ಯಾಗ! ಹದಿನೈದು ಮಿನಿಟ್ ಇತ್ತು, ಹೋತು." ಅಪ್ಪನನ್ನು ಅವಳು ಮಾಮಾ ಎನ್ನುತ್ತಿದ್ದಳು.

"ಛಲೋ ಆತಲ್ಲ!"

"ಪೂರಾ ಕೇಳ್ರಿ. ಸಿಗ್ನಲ್ ಬಂದಾಗ ಮಾಮಾ ಗ್ವಾಡಿ ಕಡೆ ಹೊಳ್ಳಿ ಹೂಂ ಅಂದ್ರು. ನಾ ಏನೂ ಕೇಳಿದ್ದಿಲ್ಲ. ಯಾರೋ ಕೇಳಿದ್ದಕ್ಕ ಅಂದಂಗಿತ್ತು. ನಿನ್ನೇನೂ ಅಂದಿದ್ರು, ಮೊನ್ನೇನೂ ಅಂದಿದ್ರು. ನಾ ನಿಮಗ ಹೇಳಿದ್ದಿಲ್ಲ."

ಮರುದಿನ ರಜೆ ಹಾಕಿ ಒಳಕೋಣೆಯಲ್ಲಿ ಕೂತೆ. ಅಪ್ಪನ ಮಂಚ ಗೋಡೆಗೆ ತಾಗಿತ್ತು. ದಿಂಬಿನ ಮೇಲ್ಗಡೆ ಗೋಡೆಯಲ್ಲೊಂದು ಗೂಡು, ದೊಡ್ಡತ್ತಿಯ ಬಾಯಲ್ಲಿ ಅದು ಮಾಡ. ಅದರಲ್ಲಿ ಔಷಧದ ಬಾಟಲಿಗಳನ್ನಿಟ್ಟಿದ್ದೆವು. ಐದೂವರೆಯಾಯಿತು. ಗೋಡೆಯೊಳಗೆ ಎಲ್ಲೋ ಏನೋ ಸರಿದಂತೆ ಸಣ್ಣ ಕರಕರ. ಬಾಟಲಿಗಳು ತುಸುವೇ ನಡುಗಿದವು. ಕೈಯಲ್ಲಿದ್ದ ಫೋನಿನಲ್ಲಿ ಒಂದು ಗೀಟು, ಎರಡು, ಮೂರು. ಅಪ್ಪ ಗೋಡೆಯತ್ತ ಕುತ್ತಿಗೆ ಹೊರಳಿಸಿದರು. ನಾನು ಬಾಟಲಿ ಸರಿಸಿ ಕಿವಿ ಗೂಡಿನೊಳಕ್ಕೆ ಇಟ್ಟೆ. ತೀರ ಹತ್ತಿರದಲ್ಲಿ, ಕಿವಿಗೆ ಬಾಯಿ ಹಚ್ಚಿದಷ್ಟು ಹತ್ತಿರದಲ್ಲಿ, ಒಂದು ಹೆಣ್ಣು ದನಿ ಮೆಲ್ಲಗೆ ಮರಾಠಿಯಲ್ಲಿ ಕೇಳಿತು: "ಚಹಾ ಘೇತಲಾಸ ಕಾ ಗಂ?" ಚಹಾ ಕುಡಿದೆಯೇನೇ?

ಅಪ್ಪ "ಹೂಂ" ಎಂದರು.

ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ಧೈರ್ಯದ ಮುಖ ಹೊತ್ತು ಕೂತವನು ಬರಿಗಾಲಲ್ಲಿ ಅಂಗಳಕ್ಕೆ ಓಡಿದೆ. ಕಾಕುವಿನ ಬಾಗಿಲು ತೆರೆದಿತ್ತು. ಆ ಬದಿಯ ಗೋಡೆಯಲ್ಲೂ ಒಂದು ಗೂಡು, ನಮ್ಮದರ ಬೆನ್ನಿಗೆ ಸರಿಯಾಗಿ. ಅದಕ್ಕೆ ಮುಚ್ಚಿದ್ದ ತಗಡಿನ ಹಲಗೆಯನ್ನು ಪಕ್ಕಕ್ಕೆ ಸರಿಸಿ, ಗೂಡಿನೊಳಗೆ ಮುಖವಿಟ್ಟು, ಕಾಕು ಯಾವುದೋ ಹೊಸ ಸೀರೆಯ ವಿಷಯ ಹೇಳುತ್ತಿದ್ದರು.

ಸಿಗ್ನಲ್ಲಿನ ಗುಟ್ಟು ನನಗಲ್ಲೇ ಹೊಳೆಯಿತು. ನಮ್ಮ ಹೊರಕೋಣೆಯ ಕಿಟಕಿಯಿಂದ ಅಂಗಳ ದಾಟಿ, ಕಾಕುವಿನ ತೆರೆದ ಬಾಗಿಲಿಂದ ಒಳಹೊಕ್ಕು, ಆ ಗೂಡಿನ ಮೂಲಕ ಅಪ್ಪನ ದಿಂಬಿಗೆ ಬರುತ್ತಿತ್ತು. ಕಲ್ಲುಗೋಡೆಗೆ ಅದೊಂದೇ ತೂತು. ತಗಡು ಮುಚ್ಚಿದರೆ ಅದೂ ಇಲ್ಲ. ಎಷ್ಟು ಸರಳ ನೋಡಿ!

ಕಾಕು ನನ್ನನ್ನು ಕೂಡಿಸಿ ಹೇಳಿದರು. ಅವರು ಆಡಿದ್ದು ಮರಾಠಿ, ನೆನಪಿನಲ್ಲಿ ಅದು ನನ್ನೂರಿನ ಕನ್ನಡವಾಗಿ ಕೂತಿದೆ. "ಅಣ್ಣತಮ್ಮಂದಿರು ಜಗಳಾಡಿ ವಾಡೆ ಎರಡು ಮಾಡಿದ್ರು, ಸಾಹೇಬ. ಹೆಂಗಸರು ಮಾತಾಡಬಾರದು ಅಂತ ಆಣೆ ಹಾಕ್ಸಿದ್ರು. ನಾನು ಈ ಕಡೆ, ನನ್ನ ನೆಗೆಣ್ಣಿ ಸುಶೀಲಾ ನೀವಿರೋ ಕಡೆ, ಇಬ್ಬರೂ ಕೂಡಿ ಸೌಟಿನ ಹಿಡಿಯಿಂದ ಈ ಗೂಡಿನ ಬೆನ್ನು ಕೆದರಿದ್ವಿ. ಬಿರುಕುಬಿಟ್ಟ ಒಂದು ತೆಳ್ಳನ ಸುಣ್ಣದ ಪದರ ಉಳೀತು. ಗಂಡಸರು ಹೊಳೆಯ ಕಡೆ ತಿರುಗಾಡಲಿಕ್ಕೆ ಹೋಗೋದು ಐದೂವರೆಗೆ. ಇಪ್ಪತ್ತು ವರ್ಷ ಹಿಂಗೇ ಮಾತಾಡಿದ್ವಿ. ಅವಳು ಹೋದಳು. ತಗಡು ಇಲಿ ಬರಬಾರದು ಅಂತ ಹಾಕೀನಿ. ಆದ್ರ ಕೇಳೋದು ಬಿಟ್ಟಿಲ್ಲ." ಆಮೇಲೆ ದನಿ ತಗ್ಗಿಸಿ, ಮುಖವರಳಿಸಿ ಹೇಳಿದರು: "ಈಗ ಎರಡು ತಿಂಗಳಿಂದ ಅವಳು ಹೂಂ ಅನ್ನಲಿಕ್ಕೆ ಹತ್ತಿದಾಳ."

ಎರಡು ತಿಂಗಳ ಹಿಂದೆಯೇ ನಾವು ಅಪ್ಪನ ಮಂಚವನ್ನು ಆ ಗೋಡೆಗೆ ಹಚ್ಚಿದ್ದು. ನಾನು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿಕೊಂಡೆ.

ಅಂದಿನಿಂದ ಬನಹಟ್ಟಿಗೆ ಐದೂವರೆಯ ಸಮಯ ಗೊತ್ತುಮಾಡಿದೆವು. ಅಲ್ಲಿ ದೊಡ್ಡತ್ತಿಯ ಸೊಸೆ ಫೋನು ಹಿಡಿಯುತ್ತಿದ್ದಳು, ಇಲ್ಲಿ ಕಸ್ತೂರಿ. ಮೊದಲ ದಿನ ಪರದೆಯ ಮೇಲೆ ಅಕ್ಕನ ಮುಖ ಮೂಡಿದಾಗ ಅಪ್ಪನ ಸರಿಯಿದ್ದ ಕಣ್ಣೊಂದರಿಂದಲೇ ನೀರು ಇಳಿಯಿತು. ದೊಡ್ಡತ್ತಿ ಬಹಳ ಹೊತ್ತು ನೋಡಿದಳು. ತಮ್ಮನಿಗೆ ಇಷ್ಟು ವರ್ಷದ ಮೇಲೆ ಏನು ಕೇಳಬೇಕೋ ತಿಳಿಯದೆ ಕೇಳಿದಳು: "ಚಾ ಕುಡದೇನೋ ತಮ್ಮಾ?" ಅದೇ ಗಳಿಗೆಗೆ ಗೋಡೆಯಿಂದಲೂ ಬಂತು: "ಚಹಾ ಘೇತಲಾಸ ಕಾ ಗಂ?"

"ಹೂಂ" ಎಂದರು ಅಪ್ಪ.

ಒಂದೇ ಹೂಂ. ಬನಹಟ್ಟಿಯಲ್ಲಿ ಒಬ್ಬ ಮುದುಕಿ ನಕ್ಕಳು, ಗೋಡೆಯಾಚೆ ಇನ್ನೊಬ್ಬಳು. ಕಸ್ತೂರಿ ನನ್ನ ಮುಖ ನೋಡಿದಳು. ನನಗೆ ಅಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ. ಯಾರಿಗೆ ಉತ್ತರಿಸುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ?

ಇಂಟರ್ನೆಟ್ ಕಂಪನಿಯವನು ಬಂದು ನೋಡಿ, ಎರಡನೆಯ ಯಂತ್ರವನ್ನು ಆ ಗೂಡಿನೊಳಗೇ ಕೂಡಿಸಿ, ತಗಡು ಕಿತ್ತುಹಾಕಿದರೆ ದಿನವಿಡೀ ಸಿಗ್ನಲ್ ಬರುತ್ತದೆ ಎಂದ. ಕಾಕುವಿಗೆ ಹೇಳಬೇಕಿತ್ತು. ಹೇಳಿದರೆ ಆ ಹೂಂ ಯಾರದೆಂದೂ ಹೇಳಬೇಕಿತ್ತು. ನಾನು ಇಂದು ನಾಳೆ ಅಂದೆ. ಕಸ್ತೂರಿಗೆ ಸಿಟ್ಟು ಬಂತು. "ದೊಡ್ಡತ್ತಿ ಜೀವಂತ ಇದ್ದಾರ್ರಿ. ಸುಶೀಲಾಬಾಯಿ ಸತ್ತು ಯಾವ ಕಾಲಾತು. ಯಾರ ಸಲುವಾಗಿ ಯಾರನ್ನ ಕಾಯಸ್ತೀರಿ?" ದಿನಕ್ಕೆ ಹದಿನೈದು ಮಿನಿಟು ಸಾಕಲ್ಲ, ನಡೀತಾ ಇದೆಯಲ್ಲ ಎಂದೆ. ಕಷ್ಟದ ಮಾತನ್ನು ಮುಂದೂಡುವುದರಲ್ಲಿ ನಾನು ಮೊದಲಿನಿಂದಲೂ ಪಳಗಿದ ಕೈ.

ಒಂದು ಭಾನುವಾರ ಹನ್ನೊಂದು ಗಂಟೆಗೆ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ದೊಡ್ಡತ್ತಿಯ ಸೊಸೆ. "ಉಸಿರು ಎಳೀಲಿಕ್ಕೆ ಹತ್ಯಾರ. ಸಂಜೀತನಕ ತಡೆಯಂಗಿಲ್ಲ. ತಮ್ಮನ್ನ ತೋರಸು ಅಂತಾರ, ಲಗೂನ ಮಾಡ್ರಿ."

ಕಾಕು ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದರು. ಎದುರಿಗೆ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ: ಸಿಗ್ನಲ್ಲು, ತಗಡು, ಬನಹಟ್ಟಿಯ ಅಕ್ಕ, ಕೊನೆಗೆ ಅಪ್ಪನ ಹೂಂ. ಅವರ ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಅಲ್ಲೇ ನಿಂತಿತು. ಎದ್ದರು, ಕೈ ತೊಳೆದರು, ಸೆರಗಿಗೆ ಒರೆಸಿಕೊಂಡರು. ನನಗೆ ಅದೊಂದು ಯುಗವಾಯಿತು. ಹೋಗಿ ತಗಡು ಸರಿಸಿ, ಅದನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಅಲ್ಲೇ ನಿಂತರು.

ನಾನು ಒಳಕೋಣೆಗೆ ಓಡಿ ಬಂದೆ. ಪರದೆಯ ಮೇಲೆ ದೊಡ್ಡತ್ತಿಯ ಮುಖ ಅರ್ಧವೇ ಕಂಡಿತು. ತುಟಿ ಅಲುಗಿತು. ಚಾ ಕುಡದೇನೋ ತಮ್ಮಾ ಎಂದೇ ಇರಬೇಕು, ಬೇರೇನು ಕೇಳಿಯಾಳು? ಅಪ್ಪ "ಹೂಂ" ಎಂದರು. ಗೋಡೆಯಿಂದ ಪ್ರಶ್ನೆ ಬರಲಿಲ್ಲ. ಕಾಕುವಿನ ಉಸಿರು ಮಾತ್ರ ಕೇಳುತ್ತಿತ್ತು. ದೊಡ್ಡತ್ತಿ ಮಧ್ಯಾಹ್ನವೇ ಹೋದಳು.

ಅಂದು ಸಂಜೆ ನಾವಿಬ್ಬರೂ ಅಪ್ಪನ ಬಳಿ ಕೂತಿದ್ದೆವು. ಇನ್ನು ಆ ಗೂಡು ಮಾತಾಡುವುದಿಲ್ಲ ಎಂದುಕೊಂಡಿದ್ದೆ. ಐದೂವರೆಗೆ ತಗಡು ಕರಕರ ಸರಿಯಿತು. "ಚಹಾ ಘೇತಲಾಸ ಕಾ ಗಂ?" ಅದೇ ದನಿ, ಅದೇ ಸಲಿಗೆ. ಅಪ್ಪ ಹೂಂ ಎಂದರು. ಕಸ್ತೂರಿ ಸೆರಗನ್ನು ಬಾಯಿಗೊತ್ತಿಕೊಂಡು ಎದ್ದುಹೋದಳು.

ಆ ಚಳಿಗಾಲದಲ್ಲಿ ಅಪ್ಪನೂ ಹೋದರು. ಕ್ರಿಯೆಯೆಲ್ಲ ಊರಿನಲ್ಲೇ ಆಗಲೆಂದು ಅಲ್ಲಿಗೇ ಒಯ್ದೆವು. ಮನೆಗೆ ಬೀಗ ಹಾಕಿ ಎರಡೂ ಕೀಲಿ ನನ್ನ ಜೇಬಿನಲ್ಲಿದ್ದವು. ಹದಿಮೂರು ದಿನ ಮುಗಿಸಿ ಮರಳಿದಾಗ ಕಾಕು ಅಂಗಳದಲ್ಲೇ ಎದುರಾದರು. ಸಮಾಧಾನದ ಮಾತೆಲ್ಲ ಮುಗಿದ ಮೇಲೆ ಕೇಳಿದರು: "ನಿಮ್ಮ ಮನೆಯಲ್ಲಿ ಯಾರನ್ನ ಬಿಟ್ಟು ಹೋಗಿದ್ರಿ, ಸಾಹೇಬ?"

"ಯಾರೂ ಇಲ್ಲ ಕಾಕು, ಬೀಗ ಹಾಕಿತ್ತು."

"ಅದು ನನಗೂ ಗೊತ್ತು. ನಿಮ್ಮ ಅಪ್ಪನ ಹೂಂ ನನಗ ಗುರುತಿಲ್ಲೇನು? ನೀವು ಹೇಳಿದ ದಿನದಿಂದ ನಾನು ಅದೇ ಮಾತಿನಿಂದ ಅವರಿಗೇ ಕೇಳ್ತಿದ್ದೆ, ಪಾಪ, ಕೇಳೋ ಅಕ್ಕ ಇಲ್ಲ ಅಂತ. ನೀವು ಊರಿಗೆ ಹೋದ ಮೇಲೂ ರೂಢಿಗೆ ಕೇಳಿದೆ." ಅವರು ನಮ್ಮ ಬೀಗದ ಕಡೆ ನೋಡಿದರು. "ಹೂಂ ಬಂತು. ಒಂದಲ್ಲ. ಒಂದರ ಹಿಂದೊಂದು, ಎರಡು. ಒಂದು ಗಂಡಸಿನದು, ಒಂದು ಹೆಂಗಸಿನದು."

ಪಾರಿವಾಳ ಇರಬೇಕೆಂದು ಕಸ್ತೂರಿ ಹೇಳಿದಳು. ಇರಬಹುದು, ಪಾರಿವಾಳಗಳು ಹಾಗೆ ಗುಟುರು ಹಾಕುತ್ತವೆ. ಬೀಗ ತೆಗೆದು ನೋಡಿದರೆ ಒಳಕೋಣೆಯಲ್ಲಿ ಒಂದು ಪುಕ್ಕವೂ ಇರಲಿಲ್ಲ. ಆ ಹೆಂಗಸು ಸುಶೀಲೆಯೋ, ದೊಡ್ಡತ್ತಿಯೋ ಎಂದು ಕಾಕುವಿಗೆ ಕೇಳಬೇಕೆನಿಸಿತು, ಕೇಳಲಿಲ್ಲ. ಮೂರು ತಿಂಗಳಿಗೆ ಇಲ್ಲಿಗೆ ವರ್ಗವಾಯಿತು. ಬಿಡುವ ದಿನ ಗೂಡಿನಲ್ಲಿದ್ದ ಬಾಟಲಿಗಳನ್ನೆಲ್ಲ ತೆಗೆದು ಒರೆಸಿ ಬಂದೆ, ಮಾತಿಗೆ ಅಡ್ಡವಾಗಬಾರದೆಂದು.

ಈ ಫ್ಲ್ಯಾಟಿನ ಗೋಡೆಗಳು ಗೇಣು ದಪ್ಪವೂ ಇಲ್ಲ. ಪಕ್ಕದ ಮನೆಯ ಮಿಕ್ಸರು, ಮೇಲಿನ ಮನೆಯ ಜಗಳ, ಎಲ್ಲವೂ ನಮಗೂ ಪಾಲು. ನಿನ್ನೆ ಅವನು ಹೋದ ಮೇಲೆ, ಸಂಜೆ, ಮೂರನೆಯ ಡಬ್ಬಿ ಹಿಡಿದು ಹಿಂದಿನ ಕೋಣೆಗೆ ಹೋದೆ. ಹಚ್ಚಿಯೇಬಿಡೋಣ, ಸಿಗ್ನಲ್ ಬಾರದ ಮೂಲೆಯೊಂದನ್ನು ಆ ದನಿಗಾಗಿ ಕಾಯ್ದಿಡುವುದೆಂಥ ಹುಚ್ಚು ಎಂದುಕೊಂಡು ಆ ಬೂದಿ ಮೂಲೆಯಲ್ಲಿ ಪ್ಲಗ್ಗಿಗೆ ಬಗ್ಗಿದೆ. ಹಿಂದಿನಿಂದ ಕಸ್ತೂರಿ ಕೇಳಿದಳು, ಚಾ ಕುಡದ್ರೇನು ಎಂದು.

"ಹೂಂ" ಎಂದೆ.

ಅಡುಗೆಮನೆಯಿಂದ ಕೂಗಿ ಬಂತು: "ಯಾರಿಗೆ ಹೂಂ ಅಂದ್ರಿ? ನಾ ಏನೂ ಕೇಳಿಲ್ಲ. ಚಾಕ್ಕ ಈಗ ನೀರಿಟ್ಟೇನಿ."

ಗಡಿಯಾರ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಹೆದರಿಕೆಯಾಯಿತೇ ಎಂದರೆ ಆಯಿತು, ಆದರೆ ಓಡಲಿಲ್ಲ. ಡಬ್ಬಿಯನ್ನು ಮತ್ತೆ ಅದರ ಪೆಟ್ಟಿಗೆಯಲ್ಲಿಟ್ಟು, ಆ ಮೂಲೆಗೆ ಒಂದು ಕುರ್ಚಿ ತಂದು ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂತೆ. ಕಸ್ತೂರಿಗೆ ಹೇಳಿದೆ, ಚಾ ಇಲ್ಲಿಗೇ ತಾ.